ಕಡಿದರೂ ಸುಟ್ಟರೂ ಚಿಗುರುವ ಕಾಡು: ಆಫ್ರಿಕಾದ ಮಿಯೊಂಬೊದಲ್ಲಿ ಯಾವ ಗಿಡ ಉಳಿಯುತ್ತದೆ, ಯಾವುದು ಅಳಿಯುತ್ತದೆ

2023ರಲ್ಲಿ ದುಬೈ ಮೂಲದ ಕಂಪನಿಯೊಂದು ಆಫ್ರಿಕಾದ ಹಲವು ಸರ್ಕಾರಗಳ ಜೊತೆ ಒಂದರ ಹಿಂದೊಂದು ಪ್ರಾಥಮಿಕ ಒಡಂಬಡಿಕೆ ಮಾಡಿಕೊಂಡಿತು. ಜಾಂಬಿಯ ದೇಶದ ನೆಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು, ಜಿಂಬಾಬ್ವೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಆ ಮಾತುಕತೆಯೊಳಗೆ ಬಂತು. ಕಂಪನಿಗೆ ಬೇಕಾಗಿದ್ದದ್ದು ನಾಟಾ ಅಲ್ಲ. ಮರಗಳು ಹಿಡಿದಿಟ್ಟುಕೊಂಡ ಇಂಗಾಲವನ್ನು ಲೆಕ್ಕ ಹಾಕಿ, ಹೊಗೆ ಉಗುಳುವ ದೇಶಗಳಿಗೆ, ಕಂಪನಿಗಳಿಗೆ ಕಾರ್ಬನ್ ಕ್ರೆಡಿಟ್ ರೂಪದಲ್ಲಿ ಮಾರುವುದು ಅದರ ಉದ್ದೇಶ. ಅದಕ್ಕೂ ಹಿಂದಿನ ವರ್ಷ, 2022ರ ಆಗಸ್ಟ್‌ನಲ್ಲಿ, ಆಫ್ರಿಕಾದ ದಕ್ಷಿಣ ಭಾಗದ 11 ದೇಶಗಳು ಮೊಜಾಂಬಿಕ್‌ನ ಮಪುಟೊದಲ್ಲಿ ಸೇರಿ ತಮ್ಮ ಕಾಡನ್ನು ಒಟ್ಟಾಗಿ ಕಾಯುವ ಘೋಷಣೆ ಹೊರಡಿಸಿದ್ದವು. ಆ ಕಾಡಿನ ಹೆಸರು ಮಿಯೊಂಬೊ.

ಈ ಸುದ್ದಿಗಳ ಜೊತೆ ಸಾಮಾನ್ಯವಾಗಿ ಬರುವ ವಿವರಣೆ ಒಂದೇ: ಅಲ್ಲಿನ ಜನ ಬೆಂಕಿ ಇಡುತ್ತಾರೆ, ಇದ್ದಿಲಿಗಾಗಿ ಮರ ಕಡಿಯುತ್ತಾರೆ, ಅದನ್ನು ನಿಲ್ಲಿಸಿದರೆ ಕಾಡು ಉಳಿಯುತ್ತದೆ. ಓದಲು ಸರಳವಾಗಿದೆ. ಆದರೆ ಸಾವಿರಾರು ವರ್ಷಗಳಿಂದ ಬೆಂಕಿ, ಕೊಡಲಿ ಎರಡನ್ನೂ ಕಂಡ ಈ ಪ್ರದೇಶದಲ್ಲಿ ಇವತ್ತಿಗೂ ಸುಮಾರು 8,500 ಜಾತಿಯ ಸಸ್ಯಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಪಂಚದ ಬೇರೆಲ್ಲೂ ಇಲ್ಲ. ಹಾಗಾದರೆ ಇಷ್ಟು ಬಗೆ ಉಳಿದದ್ದು ಹೇಗೆ?

ಇದು ಎಂಥ ಕಾಡು

ಆಫ್ರಿಕಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಂಗೋದ ದಟ್ಟ ಮಳೆಕಾಡು, ಇಲ್ಲವೇ ಸಿಂಹ ಮಲಗಿರುವ ಹುಲ್ಲುಗಾವಲು. ಮಿಯೊಂಬೊ ಇವೆರಡರ ನಡುವಿನದು. ಮರಗಳಿವೆ, ಆದರೆ ಅವುಗಳ ನೆತ್ತಿ ಒಂದಕ್ಕೊಂದು ಪೂರ್ತಿ ಹೆಣೆದುಕೊಂಡಿರುವುದಿಲ್ಲ. ಬಿಸಿಲು ನೆಲದವರೆಗೂ ಇಳಿಯುತ್ತದೆ, ಅದರಿಂದ ಮರದಡಿಯಲ್ಲಿ ಹುಲ್ಲು ಬೆಳೆಯುತ್ತದೆ. ಒಣಗಾಲದಲ್ಲಿ ಮರಗಳು ಎಲೆ ಉದುರಿಸುತ್ತವೆ. ನಮ್ಮ ಬಯಲುಸೀಮೆಯ ಅಂಚಿನ ಒಣ ಎಲೆಯುದುರುವ ಕಾಡನ್ನು ನೋಡಿದವರಿಗೆ ಇದು ತೀರಾ ಅಪರಿಚಿತ ಎನಿಸದು.

ಅಂಗೋಲಾದಿಂದ ಹಿಡಿದು ಕಾಂಗೋದ ದಕ್ಷಿಣ ಭಾಗ, ಜಾಂಬಿಯ, ಮಲಾವಿ, ಜಿಂಬಾಬ್ವೆ, ತಾಂಜಾನಿಯಾ, ಮೊಜಾಂಬಿಕ್‌ವರೆಗೆ ಇದು ಹಬ್ಬಿದೆ. ವಿಸ್ತೀರ್ಣ ಎಷ್ಟು ಎಂಬುದು ಗಡಿ ಎಲ್ಲಿ ಎಳೆಯುತ್ತೀರಿ, ಯಾವ ಕಾಲದ ಲೆಕ್ಕ ಹಿಡಿಯುತ್ತೀರಿ ಎಂಬುದರ ಮೇಲೆ ನಿಂತಿದೆ: 19 ಲಕ್ಷದಿಂದ 27 ಲಕ್ಷ ಚದರ ಕಿಲೋಮೀಟರ್‌ವರೆಗೆ ಹೇಳುತ್ತಾರೆ. ಕಡಿಮೆಯ ಲೆಕ್ಕ ಹಿಡಿದರೂ ಸುಮಾರು ಹತ್ತು ಕರ್ನಾಟಕ.

ಮಿಯೊಂಬೊ ಎನ್ನುವುದು ಬ್ರಾಕಿಸ್ಟೀಜಿಯ ಎಂಬ ಮರಗಳಿಗೆ ಸ್ಥಳೀಯರು ಇಟ್ಟ ಹೆಸರು. ಜುಲ್‌ಬರ್ನಾರ್ಡಿಯ, ಐಸೋಬರ್ಲಿನಿಯ ಎಂಬ ಇನ್ನೆರಡು ಬಳಗಗಳೂ ಇಲ್ಲಿ ಮುಖ್ಯ. ಈ ಮೂರೂ ನಮ್ಮ ಹುಣಸೆಯ ಹತ್ತಿರದ ನೆಂಟರು. ಹುಣಸೆಯ ಮೂಲವೂ ಆಫ್ರಿಕಾವೇ, ಮಿಯೊಂಬೊ ಸೀಮೆಯಲ್ಲೂ ಅದು ತಾನಾಗಿ ಬೆಳೆಯುತ್ತದೆ.

ವೈವಿಧ್ಯವನ್ನು ಅಳೆಯುವುದು ಎರಡು ರೀತಿ

ಒಂದು ಎಕರೆಯಲ್ಲಿ ಎಷ್ಟು ಬಗೆಯ ಗಿಡಗಳಿವೆ ಎಂಬುದು ಮೊದಲ ಲೆಕ್ಕ. ಈ ಎಕರೆಗೂ ಹತ್ತು ಮೈಲಿ ಆಚೆಯ ಎಕರೆಗೂ ಎಷ್ಟು ವ್ಯತ್ಯಾಸ ಎಂಬುದು ಎರಡನೆಯದು. ಮಿಯೊಂಬೊ ಗೆಲ್ಲುವುದು ಎರಡನೆಯದರಲ್ಲಿ. ಎತ್ತರದ ಮರಗಳನ್ನಷ್ಟೇ ನೋಡಿದರೆ ಅದೇ ನಾಲ್ಕಾರು ಜಾತಿಗಳು ಮತ್ತೆ ಮತ್ತೆ ಎದುರಾಗುತ್ತವೆ, ವಿಮಾನದಿಂದ ನೋಡಿದವರಿಗೆ ಬೇಸರ ಬರುವಷ್ಟು ಏಕತಾನ. ಬಗೆಬಗೆಯ ಬದುಕು ಇರುವುದು ಮೊಣಕಾಲಿನ ಮಟ್ಟದಲ್ಲಿ: ಹುಲ್ಲು, ಗೆಡ್ಡೆ, ನೆಲದ ಆರ್ಕಿಡ್, ಪುಟ್ಟ ಪೊದೆಗಳಲ್ಲಿ. ಅದೂ ಇಳಿಜಾರು ಬದಲಾದಂತೆ, ಮಣ್ಣು ಬದಲಾದಂತೆ ಬೇರೆ ಬೇರೆಯಾಗುತ್ತದೆ. ಕಾಡನ್ನು ಮರಗಳ ಎಣಿಕೆಯಿಂದಷ್ಟೇ ಅಳೆಯುವವರು ಈ ಕಾಡಿನ ಮುಖ್ಯ ಪಾಲನ್ನೇ ಬಿಟ್ಟುಬಿಡುತ್ತಾರೆ ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಿ.

ಮಳೆ, ಮಣ್ಣು, ಹುತ್ತ

ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಇಲ್ಲಿನ ಋತುಗಳು ನಮ್ಮವಕ್ಕೆ ಉಲ್ಟಾ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಮೇ ತಿಂಗಳಿಂದ ಆಗಸ್ಟ್‌ವರೆಗೆ ತಣ್ಣನೆಯ ಒಣಹವೆ, ಸೆಪ್ಟೆಂಬರ್, ಅಕ್ಟೋಬರ್ ಸುಡುಬಿಸಿಲು. ವಿಚಿತ್ರವೆಂದರೆ ಮರಗಳು ಮಳೆಗಾಗಿ ಕಾಯುವುದಿಲ್ಲ. ಸುಡುಬಿಸಿಲಿನಲ್ಲೇ, ಮೊದಲ ಹನಿ ಬೀಳುವ ವಾರಗಳ ಮುಂಚೆಯೇ, ಗುಡ್ಡಕ್ಕೆ ಗುಡ್ಡವೇ ಕೆಂಪು, ತಾಮ್ರದ ಬಣ್ಣದ ಚಿಗುರು ಹೊದೆಯುತ್ತದೆ. ಆಳಕ್ಕಿಳಿದ ಬೇರುಗಳು, ಕಾಂಡದಲ್ಲಿ ಕೂಡಿಟ್ಟ ನೀರು ಇದಕ್ಕೆ ಆಸರೆ. ಈ ಚಿಗುರಿನ ಹೊತ್ತು ಬೆಂಕಿಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ವರ್ಷಕ್ಕೆ 1,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಕಡೆ, ಅಂದರೆ ಉತ್ತರ ಜಾಂಬಿಯದಂಥ ಕಡೆ, ಮರಗಳು 15 ಮೀಟರ್ ದಾಟಿ ಬೆಳೆಯುತ್ತವೆ, ಜಾತಿಗಳೂ ಹೆಚ್ಚು. ಅದಕ್ಕಿಂತ ಕಡಿಮೆ ಮಳೆಯ ಜಿಂಬಾಬ್ವೆಯಂಥ ಕಡೆ ಮರ ಗಿಡ್ಡ, ಜಾತಿಗಳೂ ಕಡಿಮೆ.

ಮಳೆಗಿಂತ ನನಗೆ ಹೆಚ್ಚು ಕುತೂಹಲದ್ದು ಅನಿಸುವುದು ಮಣ್ಣಿನ ಕಥೆ. ಕೋಟ್ಯಂತರ ವರ್ಷ ಮಳೆಯಲ್ಲಿ ತೊಳೆದುಹೋದ ಹಳೆಯ ನೆಲ ಇದು, ಹುಳಿ ಮಣ್ಣು, ರಂಜಕ ತೀರಾ ಕಡಿಮೆ. ಇಂಥಲ್ಲಿ ಮರಗಳು ಬದುಕಿರುವುದು ಬೇರಿಗೆ ಹೊದಿಕೆಯಂತೆ ಅಂಟಿಕೊಂಡು ಬೆಳೆಯುವ ಶಿಲೀಂಧ್ರಗಳ ಸಹಾಯದಿಂದ. ಶಿಲೀಂಧ್ರ ಮಣ್ಣಿನಿಂದ ರಂಜಕ, ಸಾರಜನಕ ಹೆಕ್ಕಿ ಮರಕ್ಕೆ ಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಮಳೆ ಶುರುವಾದೊಡನೆ ಅದೇ ಶಿಲೀಂಧ್ರಗಳು ಅಣಬೆಯಾಗಿ ಮೇಲೆದ್ದು ಜಾಂಬಿಯದ ರಸ್ತೆ ಬದಿಯಲ್ಲಿ ಮಾರಾಟಕ್ಕೆ ಕೂರುತ್ತವೆ.

ಈ ಬಡ ನೆಲದ ನಡುವೆ ಅಲ್ಲಲ್ಲಿ ಶ್ರೀಮಂತ ದ್ವೀಪಗಳಿವೆ: ಗೆದ್ದಲಿನ ಹುತ್ತಗಳು. ನಾವು ಕಂಡ ಹುತ್ತಗಳ ಅಳತೆಯಲ್ಲಿ ಅವನ್ನು ಊಹಿಸಿಕೊಳ್ಳಬೇಡಿ. ಕೆಲವು ಹಲವಾರು ಮೀಟರ್ ಎತ್ತರದ, ಮನೆ ಕಟ್ಟಬಹುದಾದಷ್ಟು ಅಗಲದ ದಿಬ್ಬಗಳು. ಗೆದ್ದಲು ಆಳದಿಂದ ಜೇಡಿಮಣ್ಣು ಹೊತ್ತು ತರುವುದರಿಂದ ಅಲ್ಲಿ ಸುಣ್ಣ ಮತ್ತಿತರ ಪೋಷಕಾಂಶ ಹೆಚ್ಚು. ಸುತ್ತಲಿನ ಕಾಡಿನಲ್ಲಿ ಬಾರದ ಮರಗಳು ಅಲ್ಲಿ ಬರುತ್ತವೆ. ಹುಣಸೆಯೂ ಅವುಗಳಲ್ಲೊಂದು. ಗೆದ್ದಲು ಗೂಡಿನೊಳಗೆ ಸಾಕಿಕೊಂಡ ಶಿಲೀಂಧ್ರದಿಂದ ಏಳುವ ಒಂದು ಅಣಬೆಯ ಕೊಡೆ ಜಾಂಬಿಯದಲ್ಲಿ ಒಂದು ಮೀಟರ್ ಅಗಲ ಮುಟ್ಟುವುದುಂಟು. ಮಲೆನಾಡಿನ ಹುತ್ತದ ಅಣಬೆ ಅದೇ ಬಳಗದ್ದು.

ಇನ್ನು ದಾಂಬೊ ಎಂಬ ತಗ್ಗು ಜಾಗಗಳು. ಮಳೆಗಾಲದಲ್ಲಿ ನೀರು ನಿಂತು ಮರದ ಬೇರಿಗೆ ಉಸಿರಿಲ್ಲದಂತಾಗುವ ಇಲ್ಲಿ ಬರೀ ಹುಲ್ಲು. ಜಾಂಬಿಯ, ಕಾಂಗೋ ಗಡಿಯ ತಾಮ್ರದ ಸೀಮೆಯಲ್ಲಿ ಇನ್ನೊಂದು ಬಗೆಯ ಬಯಲುಗಳಿವೆ. ಮಣ್ಣಿನಲ್ಲಿ ತಾಮ್ರ ಎಷ್ಟಿದೆಯೆಂದರೆ ಸಾಮಾನ್ಯ ಗಿಡಗಳಿಗೆ ಅದು ವಿಷ. ಅದನ್ನು ತಾಳಿಕೊಂಡ ಕೆಲವೇ ಗಿಡಗಳು ಅಲ್ಲಿ ಹೂ ಬಿಡುತ್ತವೆ. ಅದಿರು ಹುಡುಕುವವರು ಆ ಹೂವನ್ನೇ ಗುರುತಾಗಿ ಹಿಡಿದದ್ದುಂಟು. ಗಿಡಕ್ಕೆ ಅದು ಒಳ್ಳೆಯದಾಗಲಿಲ್ಲ, ಹೂ ತೋರಿಸಿದ ಜಾಗದಲ್ಲೇ ಗಣಿ ತೆರೆಯಿತು.

ನೆಲದೊಳಗಿನ ಕಾಡು

ಈ ಪ್ರದೇಶದಲ್ಲಿ ಪರಿನಾರಿ ಎಂಬ ಬಳಗದ ಎರಡು ಸಸ್ಯಗಳಿವೆ. ಒಂದು ಕೈಗೆಟುಕದ ಎತ್ತರದ ಹಣ್ಣಿನ ಮರ. ಇನ್ನೊಂದು ಗೇಣುದ್ದದ ಗಿಡ. ಎರಡನೆಯದನ್ನು ಅಗೆದು ನೋಡಿದರೆ ಮರವೇ ಮಲಗಿದಂತೆ ದಪ್ಪ ಕಟ್ಟಿಗೆಯ ಕಾಂಡ ನೆಲದೊಳಗೆ ಹರಡಿರುತ್ತದೆ. ಮೇಲೆ ಕಾಣುವುದು ಅದರ ರೆಂಬೆಗಳ ತುದಿಯಷ್ಟೇ. ಪ್ರತಿ ವರ್ಷ ಅವು ಬೆಂಕಿಗೋ ಚಳಿಗೋ ಸಾಯುತ್ತವೆ, ಕೆಲವೇ ವಾರಗಳಲ್ಲಿ ಮತ್ತೆ ಏಳುತ್ತವೆ. ಸಸ್ಯವಿಜ್ಞಾನಿ ಫ್ರ್ಯಾಂಕ್ ವೈಟ್ 1976ರಲ್ಲಿ ಇವನ್ನು ಆಫ್ರಿಕಾದ ನೆಲದಡಿಯ ಕಾಡು ಎಂದು ಕರೆದರು. ಪರಿನಾರಿಯಂತೆ ಬೇರೆ ಬೇರೆ ಕುಟುಂಬಗಳಲ್ಲೂ ಮೇಲೆ ಬೆಳೆಯುವ ಮರ, ಒಳಗೆ ಬೆಳೆಯುವ ಮರ ಎಂಬ ಜೋಡಿಗಳಿವೆ. ವಂಶವಾಹಿಗಳ ಅಧ್ಯಯನ ಹೇಳುವಂತೆ ಇವುಗಳಲ್ಲಿ ಹೆಚ್ಚಿನವು ಕಳೆದ ಸುಮಾರು 20 ಲಕ್ಷ ವರ್ಷಗಳಲ್ಲಿ ಹುಟ್ಟಿಕೊಂಡವು.

ಹೀಗೆ ಒಳಸೇರಲು ಕಾರಣ ಬೆಂಕಿ ಎಂಬುದು ಬಹುಜನರ ಅಭಿಪ್ರಾಯ. ಅಂಗೋಲಾದ ಎತ್ತರದ ಬಯಲುಗಳಲ್ಲಿ ಕೆಲಸ ಮಾಡಿದ ಕೆಲವರು ಇಬ್ಬನಿಯನ್ನೇ ಹೆಪ್ಪುಗಟ್ಟಿಸುವ ಚಳಿಗಾಲದ ರಾತ್ರಿಗಳನ್ನು ಮುಂದಿಡುತ್ತಾರೆ. ಈ ವಾದ ಇನ್ನೂ ಮುಗಿದಿಲ್ಲ.

ಎತ್ತರದ ಮರಗಳೂ ಎಳವೆಯಲ್ಲಿ ಇದೇ ಉಪಾಯ ಮಾಡುತ್ತವೆ. ಸಸಿಯ ಮೇಲುಭಾಗ ಪ್ರತಿ ಒಣಗಾಲದಲ್ಲಿ ಸಾಯುತ್ತದೆ, ಬೇರು ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತದೆ. ಯಾವುದೋ ಒಂದೆರಡು ವರ್ಷ ಬೆಂಕಿ ಆ ಕಡೆ ಬಾರದೆ ಹೋದಾಗ, ಕೂಡಿಟ್ಟ ಶಕ್ತಿಯಿಂದ ಸರ್ರನೆ ಮೇಲೇರಿ ಉರಿಯ ಕೈಗೆ ಸಿಗದ ಎತ್ತರ ಮುಟ್ಟುತ್ತದೆ. ದೊಡ್ಡ ಮರವನ್ನು ಕಡಿದರೂ ಹೀಗೆಯೇ: ಹಿತ್ತಲಿನ ನುಗ್ಗೆ ಮರದ ಹಾಗೆ, ಮೋಟಿನ ಸುತ್ತ ಹತ್ತಾರು ಕುಡಿಗಳು ಒಡೆಯುತ್ತವೆ. ಬೀಜದಿಂದ ಹೊಸ ಮರ ಬರುವುದಕ್ಕಿಂತ ಹಳೆಯ ಬೇರಿನಿಂದ ಬರುವುದೇ ಇಲ್ಲಿ ಹೆಚ್ಚು. ಮುಂದೆ ಬರುವ ಪ್ರತಿಯೊಂದು ಮಾನವ ಚಟುವಟಿಕೆಯನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡು ನೋಡಬಹುದು: ಅದು ನೆಲದೊಳಗಿನದನ್ನು ಮುಟ್ಟುತ್ತದೆಯೇ, ಇಲ್ಲವೇ?

ಬೆಂಕಿ: ಯಾವ ತಿಂಗಳಲ್ಲಿ?

ಒಣಗಾಲದಲ್ಲಿ ಸಿಡಿಲು ಅಪರೂಪ. ಹಾಗಾಗಿ ಮಿಯೊಂಬೊದ ಬಹುಪಾಲು ಬೆಂಕಿ ಮನುಷ್ಯರದ್ದೇ. ಜೇನು ಬಿಡಿಸುವವರು, ಬೇಟೆಗಾರರು, ಹೊಸ ಹುಲ್ಲು ಬೇಕಾದ ದನಗಾಹಿಗಳು, ಹೊಲ ಹಸನು ಮಾಡುವವರು, ಎಲ್ಲರಿಗೂ ಅವರವರ ಕಾರಣವಿದೆ. ಈ ರೂಢಿ ಎಷ್ಟು ಹಳೆಯದು ಎಂಬುದಕ್ಕೆ ಮಲಾವಿ ಸರೋವರದ ತಳದ ಕೆಸರು ಸಾಕ್ಷಿ. ಅಲ್ಲಿ ಪದರ ಪದರವಾಗಿ ಕುಳಿತ ಪರಾಗ ಮತ್ತು ಇದ್ದಿಲ ಕಣಗಳನ್ನು ಎಣಿಸಿದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 85,000 ವರ್ಷಗಳ ಹಿಂದೆ ಇದ್ದಿಲು ಏಕಾಏಕಿ ಹೆಚ್ಚಾಯಿತು. ಅದು ಸರೋವರ ತುಂಬಿದ್ದ ಕಾಲ, ಅಂದರೆ ಕಾಡು ದಟ್ಟವಾಗಬೇಕಿದ್ದ ಕಾಲ. ಆದರೂ ಕಾಡಿನ ಮರಗಳ ಪರಾಗದ ಬಗೆಗಳು ಹಿಂದಿನ ಮಳೆಯ ಕಾಲಗಳಲ್ಲಿ ಏರಿದಂತೆ ಏರಲಿಲ್ಲ. ದಡದಲ್ಲಿ ಮನುಷ್ಯರು ನೆಲೆಸಿ ಬೆಂಕಿ ಬಳಸುತ್ತಿದ್ದುದೇ ಕಾರಣ ಎಂದು ಅವರು ವಾದಿಸುತ್ತಾರೆ. ಅಂದರೆ ಮನುಷ್ಯ ಮುಟ್ಟದ ಮಿಯೊಂಬೊ ಎಂಬುದನ್ನು ನಮ್ಮಲ್ಲಿ ಯಾರೂ ನೋಡಿಲ್ಲ.

ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗದು. ಯಾವಾಗ ಎಂದು ಕೇಳಬೇಕು. ಇದನ್ನು ತೋರಿಸಿಕೊಟ್ಟದ್ದು ಜಾಂಬಿಯದ ಎನ್‌ಡೋಲಾ ಬಳಿ 1933ರಲ್ಲಿ ಶುರುವಾಗಿ ದಶಕಗಳ ಕಾಲ ನಡೆದ ಪ್ರಯೋಗ. ಒಂದೇ ಬಗೆಯ ಕಾಡನ್ನು ತುಂಡುಗಳಾಗಿ ಗುರುತಿಸಿದರು. ಕೆಲವಕ್ಕೆ ಪ್ರತಿ ವರ್ಷ ಒಣಗಾಲದ ಆರಂಭದಲ್ಲಿ, ಹುಲ್ಲಿನಲ್ಲಿ ಇನ್ನೂ ಪಸೆ ಇರುವಾಗ ಬೆಂಕಿ. ಕೆಲವಕ್ಕೆ ಒಣಗಾಲದ ಕೊನೆಗೆ, ಎಲ್ಲವೂ ಗರಿಗರಿ ಒಣಗಿದಾಗ. ಇನ್ನು ಕೆಲವಕ್ಕೆ ಬೆಂಕಿಯೇ ಬೀಳದಂತೆ ಕಾವಲು.

ಕೊನೆಗಾಲದ ಬೆಂಕಿ ಬಿದ್ದ ತುಂಡುಗಳಲ್ಲಿ ಎತ್ತರದ ಮರಗಳು ಒಂದೊಂದಾಗಿ ಸತ್ತು, ಹುಲ್ಲುಗಾವಲಿನ ನಡುವೆ ಉರಿ ತಡೆಯಬಲ್ಲ ಕೆಲವೇ ಮರಗಳು ನಿಂತವು. ಕಾರಣ ಊಹಿಸಬಹುದು: ಸೆಪ್ಟೆಂಬರ್, ಅಕ್ಟೋಬರ್‌ನ ಉರಿ ಎತ್ತರಕ್ಕೇರುತ್ತದೆ, ಮರಗಳು ಆಗಷ್ಟೇ ಕೆಂಪು ಚಿಗುರು ಬಿಟ್ಟಿರುತ್ತವೆ. ಮೊದಲ ಹೊತ್ತಿನ ಬೆಂಕಿ ಬಿದ್ದಲ್ಲಿ ಮಿಯೊಂಬೊ ಮಿಯೊಂಬೊ ಆಗಿಯೇ ಉಳಿಯಿತು. ಬೆಂಕಿಯೇ ಇಲ್ಲದ ಕಡೆ ಏನಾಯಿತು ಎಂಬುದು ಹೆಚ್ಚು ಅಚ್ಚರಿಯದು. ಅಲ್ಲಿ ಕಾಡು ದಟ್ಟವಾಯಿತು, ನಿತ್ಯಹಸಿರಿನ ಪೊದೆ, ಬಳ್ಳಿಗಳು ನುಗ್ಗಿದವು, ನೆರಳಿಗೆ ಹುಲ್ಲು ಕುಗ್ಗಿತು. ಕಾಡು ಹೆಚ್ಚಿತು ಎನ್ನಬಹುದು, ಆದರೆ ಬಿಸಿಲು ಬೇಕಾದ ನೆಲಮಟ್ಟದ ಗಿಡಗಳಿಗೆ ಅಲ್ಲಿ ಜಾಗವಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಈ ಫಲಿತಾಂಶ ಹೊಸದೆನಿಸದು. ಬೇಸಗೆ ಬಲಿಯುವ ಮುಂಚೆ ನೆಲದ ತರಗೆಲೆಗಷ್ಟೇ ಹಚ್ಚುತ್ತಿದ್ದ ಮೆಲ್ಲನೆಯ ತರಗು ಬೆಂಕಿ ವನ್ಯಧಾಮದ ಕಾನೂನು ಬಂದ ಮೇಲೆ ನಿಂತಿತು. ಲಂಟಾನ ಇಷ್ಟು ಹಬ್ಬಿದ್ದು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿದ್ದು ಆ ಬಳಿಕವೇ ಎಂದು ಅವರು ಹೇಳುತ್ತಾರೆ. ಎರಡು ಕಾಡುಗಳೂ ಬೇರೆ, ಮಳೆ ಬೇರೆ, ಒಂದರ ಉತ್ತರವನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿ ಇಡುವಂತಿಲ್ಲ. ಪ್ರಶ್ನೆ ಮಾತ್ರ ಒಂದೇ.

ರಾಗಿಗಾಗಿ ಕಡಿದ ಕೊಂಬೆ

ಉತ್ತರ ಜಾಂಬಿಯದ ಬೆಂಬಾ ಜನರ ಸಾಂಪ್ರದಾಯಿಕ ಬೇಸಾಯಕ್ಕೆ ಚಿತೆಮೆನೆ ಎಂದು ಹೆಸರು. ಗಂಡಸರು ಮರ ಹತ್ತಿ ಕೊಂಬೆಗಳನ್ನು ಸವರುತ್ತಾರೆ, ಬುಡ ಕಡಿಯುವುದಿಲ್ಲ. ಸವರಿದ ಕೊಂಬೆಗಳನ್ನು ಹೊತ್ತು ತಂದು ನಡುವಿನ ಸಣ್ಣ ಜಾಗದಲ್ಲಿ ಒಟ್ಟುತ್ತಾರೆ. ಕೊಂಬೆ ಸವರಿದ ಜಾಗ ಒಟ್ಟಿದ ಜಾಗದ ಹಲವು ಪಟ್ಟು. ಮಳೆಗೆ ಸ್ವಲ್ಪ ಮುಂಚೆ ಆ ರಾಶಿಗೆ ಬೆಂಕಿ. ಬೂದಿ ಹುಳಿ ಮಣ್ಣನ್ನು ಹದಕ್ಕೆ ತರುತ್ತದೆ, ಉರಿ ಕಳೆಯನ್ನು ಕೊಲ್ಲುತ್ತದೆ. ಅದರಲ್ಲಿ ಮೊದಲು ಬಿತ್ತುವುದು ರಾಗಿ. ನಮ್ಮ ಮುದ್ದೆಯ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ. ಬಳಿಕ ಮರಗೆಣಸು, ಕಡಲೆಕಾಯಿ, ಬೀನ್ಸ್ ಜಾತಿಯ ಕಾಳು. ನಾಲ್ಕೈದು ವರ್ಷಕ್ಕೆ ಬೂದಿಯ ಸತ್ವ ಮುಗಿಯುತ್ತದೆ, ಹೊಲವನ್ನು ಬೀಳು ಬಿಟ್ಟು ಮುಂದೆ ಹೋಗುತ್ತಾರೆ.

ಬ್ರಿಟಿಷ್ ಆಡಳಿತಕ್ಕೆ ಇದು ಬರೀ ಕಾಡುನಾಶವಾಗಿ ಕಂಡಿತು. ನಮ್ಮ ಕೆನರಾ ಸೀಮೆಯ ಕುಮರಿ ಬೇಸಾಯವೂ 19ನೇ ಶತಮಾನದಲ್ಲಿ ಅವರ ಕಣ್ಣಿಗೆ ಹಾಗೆಯೇ ಕಂಡಿತ್ತು. ಗಿಡಗಳ ಲೆಕ್ಕದಲ್ಲಿ ನೋಡಿದರೆ, ಇಪ್ಪತ್ತು ಇಪ್ಪತ್ತೈದು ವರ್ಷ ಬೀಳು ಬಿಟ್ಟಾಗ ಬೇರು ಜೀವಂತವಿರುವ ಮರಗಳು ಮತ್ತೆ ನೆತ್ತಿ ಕಟ್ಟುತ್ತವೆ. ಬೀಳಿನ ವಯಸ್ಸು ಬೇರೆ ಬೇರೆ ಇದ್ದಷ್ಟೂ ಬಿಸಿಲಿನ ಗಿಡ, ನೆರಳಿನ ಗಿಡ ಎರಡಕ್ಕೂ ಸುತ್ತಮುತ್ತ ಜಾಗ ಸಿಗುತ್ತದೆ. ಜನ ಹೆಚ್ಚಿ, ನೆಲ ಸಾಲದೆ, ಬೀಳಿನ ಅವಧಿ ಹತ್ತು ವರ್ಷಕ್ಕೋ ಇನ್ನೂ ಕಡಿಮೆಗೋ ಇಳಿದಾಗ ಲೆಕ್ಕ ತಪ್ಪುತ್ತದೆ. ಚಿಗುರು ಮರವಾಗುವ ಮುಂಚೆಯೇ ಮತ್ತೆ ಕೊಡಲಿ ಬೀಳುತ್ತದೆ.

ಇದ್ದಿಲು, ತಂಬಾಕು, ಮೆಕ್ಕೆಜೋಳ

ಜಾಂಬಿಯದ ರಾಜಧಾನಿ ಲುಸಾಕಾದಂಥ ನಗರಗಳಲ್ಲಿ ಅಡುಗೆ ಒಲೆಯ ಮುಖ್ಯ ಇಂಧನ ಇದ್ದಿಲು. ಮರ ಕಡಿದು ರಾಶಿ ಮಾಡಿ, ಮೇಲೆ ಮಣ್ಣು ಮುಚ್ಚಿ, ಗಾಳಿ ಸಿಗದಂತೆ ದಿನಗಟ್ಟಲೆ ಬೇಯಿಸುತ್ತಾರೆ. ಗೂಡು ಇದ್ದ ಜಾಗದ ಮಣ್ಣು ಸುಟ್ಟು ಅಲ್ಲಿ ಬಹುಕಾಲ ಏನೂ ಹುಟ್ಟುವುದಿಲ್ಲ, ಆದರೆ ಕಡಿದ ಒಟ್ಟು ಜಾಗದಲ್ಲಿ ಅದು ಸಣ್ಣ ಪಾಲು. ಉಳಿದ ಕಡೆ ಮೋಟುಗಳು ಚಿಗುರುತ್ತವೆ. ಇದ್ದಿಲಿಗೆ ಕಡಿದು ಹಾಗೆಯೇ ಬಿಟ್ಟ ಕಾಡು ಮರಳಿ ಬರುತ್ತದೆ ಎಂಬುದು ಕೇಳುವವರಿಗೆ ಸಮಾಧಾನ ತರುವ ಮಾತಲ್ಲ, ಆದರೆ ಅದು ನಿಜ. ತೊಂದರೆ ಇರುವುದು "ಹಾಗೆಯೇ ಬಿಟ್ಟ" ಎಂಬಲ್ಲಿ. ಇದ್ದಿಲಿನವರು ತೆರವು ಮಾಡಿದ ಜಾಗಕ್ಕೆ ಬೇಸಾಯ ಬರುತ್ತದೆ.

2023–24ರ ಬರಗಾಲ ಈ ಸರಪಳಿಯನ್ನು ಚೆನ್ನಾಗಿ ತೋರಿಸಿತು. ಎಲ್ ನಿನೊದಿಂದ ಮಳೆ ಕೈಕೊಟ್ಟು ಜಾಂಬಿಯ 2024ರ ಫೆಬ್ರವರಿಯಲ್ಲಿ ರಾಷ್ಟ್ರೀಯ ವಿಪತ್ತು ಘೋಷಿಸಿತು. ಆ ದೇಶದ ಬಹುಪಾಲು ವಿದ್ಯುತ್ತು ಜಲವಿದ್ಯುತ್ತೇ. ಕರಿಬಾ ಜಲಾಶಯ ತಳ ಕಂಡಿತು, ದಿನದ ಹೆಚ್ಚಿನ ಹೊತ್ತು ಕರೆಂಟ್ ಇಲ್ಲ. ವಿದ್ಯುತ್ ಒಲೆ ಇದ್ದ ಮನೆಗಳೂ ಇದ್ದಿಲಿಗೆ ತಿರುಗಿದವು. ಹವಾಮಾನದ ಹೊಡೆತ ಕಾಡನ್ನು ಮುಟ್ಟುವುದು ಮಳೆಯ ಮೂಲಕ ಮಾತ್ರವಲ್ಲ, ಅಡುಗೆಮನೆಯ ಮೂಲಕವೂ ಹೌದು.

ಮಲಾವಿ, ಜಿಂಬಾಬ್ವೆ, ತಾಂಜಾನಿಯಾದ ತಬೋರಾ ಕಡೆ ತಂಬಾಕು ಬೇಯಿಸಲು ಇದೇ ಮರ ಬೇಕು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬ್ಯಾರನ್‌ಗಳನ್ನು ಕಂಡವರಿಗೆ ಸೌದೆಯ ಹಸಿವು ಎಷ್ಟೆಂದು ವಿವರಿಸಬೇಕಿಲ್ಲ.

ಇವೆಲ್ಲಕ್ಕಿಂತ ಗಿಡಗಳ ವೈವಿಧ್ಯಕ್ಕೆ ದೊಡ್ಡ ಪೆಟ್ಟು ಕೊಡುವುದು ಕಾಯಂ ಹೊಲ. ಟ್ರ್ಯಾಕ್ಟರ್ ಓಡಬೇಕೆಂದರೆ ಮೋಟುಗಳನ್ನು ಕಿತ್ತೆಸೆಯಬೇಕು. ಪ್ರತಿ ವರ್ಷ ಉಳುಮೆಯಾದಾಗ ಗೆಡ್ಡೆ, ನೆಲದಡಿಯ ಕಾಂಡ, ಬೇರಿನ ಶಿಲೀಂಧ್ರ ಎಲ್ಲ ಹೋಗುತ್ತವೆ. ಮೆಕ್ಕೆಜೋಳ ಬೆಳೆದು ಬಿಟ್ಟ ಅಂಥ ಹೊಲದಲ್ಲಿ ಮರಗಳು ಬೀಜದಿಂದಲೇ ಬರಬೇಕು. ಬ್ರಾಕಿಸ್ಟೀಜಿಯದ ಕಾಯಿ ಒಣಗಿ ಸಿಡಿದು ಬೀಜ ಹಾರಿಸುತ್ತದೆ ನಿಜ, ಆದರೆ ಕೆಲವೇ ಮೀಟರ್ ದೂರಕ್ಕೆ.

ಆಯ್ದು ಕಡಿಯುವುದು ಇನ್ನೊಂದು ಬಗೆಯ ನಷ್ಟ. ನಮ್ಮ ಹೊನ್ನೆಯ ಬಳಗಕ್ಕೆ ಸೇರಿದ ಮುಕ್ವಾ, ಮುಕುಲಾ ಮರಗಳು, ಬೀಟೆಯ ಬಳಗದ, ಕ್ಲಾರಿನೆಟ್ ವಾದ್ಯಕ್ಕೆ ಬೇಕಾದ ಎಂಪಿಂಗೊ ಮರ ದುಬಾರಿ. ಕಾಡು ನಿಂತಿರುತ್ತದೆ, ಹಸಿರಾಗಿಯೇ ಕಾಣುತ್ತದೆ, ಒಳಗಿನ ಆ ಒಂದು ಜಾತಿ ಮಾತ್ರ ಖಾಲಿಯಾಗಿರುತ್ತದೆ.

ಆನೆ, ದನ, ನೊಣ

ಆನೆ ಮರ ಉರುಳಿಸಿ ಬಿಸಿಲಿಗೆ ದಾರಿ ಮಾಡುತ್ತದೆ. ತೆರೆದ ಜಾಗದಲ್ಲಿ ಹುಲ್ಲು ಹೆಚ್ಚುತ್ತದೆ, ಹುಲ್ಲು ಹೆಚ್ಚಿದರೆ ಬೆಂಕಿಯ ಬಿಸಿ ಹೆಚ್ಚುತ್ತದೆ. ಇಕ್ಕಟ್ಟಾದ ಉದ್ಯಾನಗಳಲ್ಲಿ ಆನೆ, ಬೆಂಕಿ ಎರಡೂ ಸೇರಿ ಕಾಡನ್ನು ಕುರುಚಲಾಗಿಸಿದ ಉದಾಹರಣೆ ಜಿಂಬಾಬ್ವೆಯಲ್ಲಿದೆ. ತ್ಸೆತ್ಸೆ ಎಂಬ ನೊಣದ್ದು ಇದಕ್ಕೆ ತದ್ವಿರುದ್ಧ ಪಾತ್ರ. ಅದು ಕಚ್ಚಿದರೆ ಮನುಷ್ಯರಿಗೆ ನಿದ್ರಾರೋಗ, ದನಗಳಿಗೆ ನಗಾನ ರೋಗ. 1890ರ ದಶಕದಲ್ಲಿ ರಿಂಡರ್‌ಪೆಸ್ಟ್ ಪಿಡುಗು ಆಫ್ರಿಕಾದ ದನಗಳನ್ನೂ ಕಾಡಿನ ಮೇಯುವ ಪ್ರಾಣಿಗಳನ್ನೂ ಕೊಂದ ಮೇಲೆ ಪೊದೆ ಬೆಳೆಯಿತು, ಪೊದೆಯ ಜೊತೆ ಮುಂದೆ ನೊಣವೂ ಹರಡಿತು. ಹಾಗಾಗಿ ದೊಡ್ಡ ದೊಡ್ಡ ಪ್ರದೇಶಗಳಿಗೆ ದನವಾಗಲಿ ಜನರಾಗಲಿ ಕಾಲಿಡಲಿಲ್ಲ. ಇವತ್ತು ಅಲ್ಲಿ ಕಾಣುವ "ಕನ್ಯೆ ಕಾಡು" ಎಷ್ಟೋ ಕಡೆ ಜನ ಬಿಟ್ಟುಹೋದ ಜಾಗ.

ಇಂಗಾಲದ ಲೆಕ್ಕದಲ್ಲಿ ಯಾವ ಗಿಡ ಬರುತ್ತದೆ

ಈಗ ಕಾರ್ಬನ್ ಕ್ರೆಡಿಟ್‌ಗೆ ಬರೋಣ. ಸಾಮಾನ್ಯವಾಗಿ ಅಳೆಯುವುದು ಎದೆಮಟ್ಟದಲ್ಲಿ ಮರದ ಸುತ್ತಳತೆ, ಅದರಿಂದ ಕಟ್ಟಿಗೆಯ ತೂಕ, ಅದರಿಂದ ಇಂಗಾಲ. ದೊಡ್ಡ ಜಾಗವಾದರೆ ಉಪಗ್ರಹದ ಚಿತ್ರ ನೋಡಿ ಮರದ ಹೊದಿಕೆ ಎಷ್ಟು ಎಂಬ ಲೆಕ್ಕ. ಗೇಣುದ್ದದ ಪರಿನಾರಿ ಈ ಎರಡರಲ್ಲೂ ಸಿಗುವುದಿಲ್ಲ. ಬೆಂಕಿಯನ್ನು ಪೂರ್ತಿ ತಡೆದರೆ ಎನ್‌ಡೋಲಾದ ಕಾವಲಿನ ತುಂಡಿನಂತೆ ಮರ ಹೆಚ್ಚುತ್ತದೆ, ಕ್ರೆಡಿಟ್ ಹೆಚ್ಚುತ್ತದೆ, ನೆಲಮಟ್ಟದ ಜಾತಿಗಳು ಕಡಿಮೆಯಾಗುತ್ತವೆ. ಹುಲ್ಲಿನ ದಾಂಬೊ ಅಥವಾ ಬಯಲಿನಲ್ಲಿ ನೀಲಗಿರಿ, ಪೈನ್ ನೆಟ್ಟರೂ ಲೆಕ್ಕದ ಪುಸ್ತಕದಲ್ಲಿ ಇಂಗಾಲ ಏರುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದೂ ಹುಲ್ಲಿಗಿಂತ ಮರಗಳಿಗೆ ಅನುಕೂಲ, ಆದ್ದರಿಂದ ಯಾರೂ ಏನೂ ಮಾಡದಿದ್ದರೂ ಕೆಲವೆಡೆ ಪೊದೆ ದಟ್ಟವಾಗುತ್ತಿದೆ.

ಎರಡನ್ನೂ ಹೊಂದಿಸುವ ದಾರಿ ಇಲ್ಲವೆಂದಲ್ಲ. ಉತ್ತರ ಆಸ್ಟ್ರೇಲಿಯದಲ್ಲಿ ಮೂಲನಿವಾಸಿಗಳು ಒಣಗಾಲದ ಆರಂಭದಲ್ಲೇ ಮೆಲ್ಲನೆಯ ಬೆಂಕಿ ಹಚ್ಚಿ ಕೊನೆಗಾಲದ ದೊಡ್ಡ ಬೆಂಕಿಯನ್ನು ತಪ್ಪಿಸುತ್ತಾರೆ. ಅದರಿಂದ ತಗ್ಗಿದ ಮೀಥೇನ್, ನೈಟ್ರಸ್ ಆಕ್ಸೈಡ್ ಲೆಕ್ಕ ಹಾಕಿ ಅವರಿಗೆ ಹಣ ಸಂದಾಯವಾಗುತ್ತದೆ. ಮಿಯೊಂಬೊಗೂ ಅಂಥ ಯೋಜನೆಯ ಮಾತು ನಡೆದಿದೆ. ಅದು ಬಂದರೆ ಮಿಯೊಂಬೊದಲ್ಲಿ ಜೂನ್‌ನಲ್ಲಿ ಬೆಂಕಿ ಹಚ್ಚುವುದು ಅಪರಾಧವಾಗುವುದರ ಬದಲು ಕೂಲಿ ಸಿಗುವ ಕೆಲಸವಾಗುತ್ತದೆ. ಯಾರ ನೆಲ, ಯಾರಿಗೆ ಹಣ ಎಂಬುದನ್ನು ಮಾತ್ರ ಸುತ್ತಳತೆ ಅಳೆಯುವ ಟೇಪು ಹೇಳಲಾರದು. ಈ ಕಾಡಿನ ಬಹುಭಾಗ ಗ್ರಾಮದ ಮುಖ್ಯಸ್ಥರ ಕೈಯಲ್ಲಿರುವ ಸಾಮುದಾಯಿಕ ನೆಲ. ಹಳ್ಳಿಯವರಲ್ಲಿ ಹೆಚ್ಚಿನವರ ಬಳಿ ಅದಕ್ಕೆ ಪತ್ರವಿಲ್ಲ.